ಹೊಂಡದೊಳಗೆ ಹಾಕಿದ ಪೆಂಡಾಲು

ನಮ್ಮ ಓಣಿಯವರಿಗೆ ಒಂದು ರೋಗವಿದೆ. ಮನೆಗೆ ಯಾರೇ ಬರಲಿ, ಮೊದಲು ಕೂಡ್ರಿಸಬೇಕು, ಆಮೇಲೆ ತಿನ್ನಿಸಬೇಕು. ಜಗಳಕ್ಕೆ ಬಂದವನಿಗೂ ಚಹಾ ಕುಡಿಸಿಯೇ ಬೈಯುತ್ತಾರೆ. ಸೊಸೆಯಾಗಿ ಬಂದ ಹೊಸತರಲ್ಲಿ ನನಗಿದು ಚೆಂದ ಅನ್ನಿಸಿತ್ತು. ಕಳೆದ ಬೇಸಿಗೆಯಲ್ಲಿ ಇದೇ ರೋಗ ನಮ್ಮ ಅಗಸಿ ಹೊಂಡವನ್ನು ನುಂಗಿಬಿಡುವುದರಲ್ಲಿತ್ತು.

ಬೈಲಹೊಂಗಲದಿಂದ ಸಂಪಗಾಂವಕ್ಕೆ ಹೋಗುವ ದಾರಿಯ ಪಕ್ಕದಲ್ಲಿದೆ ಈ ಹೊಂಡ. ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಆದರೆ ದಂಡೆಯ ಮೇಲಿನ ಬಾವಿ ಬತ್ತಿದ್ದನ್ನು ನಾನು ಕಂಡಿಲ್ಲ. ನಳ ಬಾರದ ದಿನ ಇಡೀ ಓಣಿ ಕುಡಿಯುವುದು ಆ ಬಾವಿಯ ನೀರನ್ನೇ. ಊರು ಮುಂದೆ ಹೇಗೆ ಬೆಳೆಯಬೇಕೆಂದು ತಯಾರಿಸಿದ ಹೊಸ ಕರಡು ನಕಾಶೆಯಲ್ಲಿ ಹೊಂಡಕ್ಕೆ ಹಳದಿ ಬಣ್ಣ ಬಳಿದಿದ್ದರು. ಹಳದಿ ಎಂದರೆ ಮನೆ ಕಟ್ಟುವ ಜಾಗ. ಹೊಂಡ ಮುಚ್ಚಿ ಪ್ಲಾಟು ಮಾಡಿದರೆ ಬಾವಿಯ ಕತೆ ಮುಗಿದಂತೆ.

ನಾನು ಹಿಟ್ಟಿನ ಗಿರಣಿ ನಡೆಸುವವಳು. ಜೋಳ ಬೀಸಿಸಲು ಬಂದವರನ್ನೆಲ್ಲ ಹಿಡಿದು ಆಕ್ಷೇಪಣೆ ಅರ್ಜಿಗೆ ಸಹಿ ಹಾಕಿಸಿದೆ. ನಕಾಶೆ ಮಾಡಿದ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದೆ. ಕೊನೆಗೆ ಅಧಿಕಾರಿಯೊಬ್ಬರು, ತಾವೇ ಬಂದು ಜಾಗ ನೋಡಿ ವರದಿ ಬರೆಯುವುದಾಗಿ ಹೇಳಿದರು. ಅವರು ಏನು ಬರೆಯುತ್ತಾರೋ ಅದರ ಮೇಲೆ ಹೊಂಡದ ಹಣೆಬರಹ ನಿಂತಿತ್ತು. ಆ ದಿನ ನಸುಕಿನಲ್ಲೇ ಕಚೇರಿಗೆ ಹೋಗಿ, ದಾರಿ ತೋರಿಸಲು ನಾನೂ ಅವರ ಜೀಪಿನಲ್ಲೇ ಹೊರಟೆ.

ದಂಡೆಗೆ ಬಂದು ಇಳಿದು ನೋಡುತ್ತೇನೆ! ಹೊಂಡದ ನಟ್ಟನಡುವೆ ಪೆಂಡಾಲು ಹಾಕಿದ್ದರು. ಬಿರುಕುಗಳೊಂದೂ ಕಾಣದಂತೆ ಕೆಂಪು ಮುರುಮು ಮಣ್ಣು ಸುರಿದು ನೆಲವನ್ನು ಸಪಾಟು ಮಾಡಿದ್ದರು. ನಡುವೆ ನಮ್ಮ ಓಣಿಯ ಹಿರಿಯ ನಿಜಗುಣಪ್ಪ ಕಾಕಾನ ಮನೆಯ ಭಾರೀ ಸಾಗವಾನಿ ಕುರ್ಚಿ. ಅದನ್ನು ಬೀಗರಿಗೂ ಸುಲಭಕ್ಕೆ ಕೊಡುವವರಲ್ಲ.

ನನ್ನ ಅತ್ತೆ ಸುಂದರವ್ವ ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದರು. ನಾನು ಅವರನ್ನು ಪಕ್ಕಕ್ಕೆ ಎಳೆದೆ.

"ಅತ್ತಿ, ಏನ್ ಮಾಡೀರಿ ಇದು?"

"ಮತ್ತ ಸಾಹೇಬ್ರು ಬಿಸಲಾಗ ನಿಂದರಬೇಕೇನ? ಬೂಟಿಗೆ ಧೂಳಾ ಹತ್ತಬಾರದಂತ ನಿಜಗುಣಪ್ಪ ಒಂದ ಟ್ರ್ಯಾಕ್ಟರ್ ಮುರುಮ ಹಾಕ್ಸ್ಯಾನ. ಚಂದ ಆಗೇತಿಲ್ಲ?"

ಅಧಿಕಾರಿ ಸುತ್ತ ನೋಡಿದರು. "ಹೊಂಡ ಎಲ್ಲಿದೆಯಮ್ಮಾ?"

"ನೀವು ನಿಂತದ್ದ ಹೊಂಡರಿ," ಎಂದೆ.

ಅವರು ನಕ್ಕರು. ನಕ್ಕು, ಬರೆದರು. ಹೆಗಲ ಹಿಂದಿನಿಂದ ಇಣುಕಿ ಓದಿದೆ: 'ಸಮತಟ್ಟಾದ ಬಯಲು. ಸಭೆ ಸಮಾರಂಭಕ್ಕೆ ಬಳಕೆಯಲ್ಲಿದೆ.' ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಓಣಿಯ ಮಂದಿಯನ್ನೆಲ್ಲ ಗಿರಣಿಗೆ ಹಾಕಿ ಬೀಸಬೇಕೆನ್ನಿಸಿತು.

ಅಧಿಕಾರಿ ಹೊರಡಲು ತಿರುಗಿದರು. ಬಿಡುವವರು ಯಾರು? "ಉಣ್ಣದ ಹ್ಯಾಂಗ ಹೋಗ್ತೀರಿ? ಕುಂದರ್ರಿ," ಎಂದು ಅತ್ತೆ ಅಡ್ಡ ನಿಂತರು. ಹೋಳಿಗೆ ಬಂತು, ತುಪ್ಪ ಬಂತು, ಕಟ್ಟಿನ ಸಾರು ಬಂತು. ಆ ಘಮಕ್ಕೆ ಅಧಿಕಾರಿ ಸೋತು ಸಾಗವಾನಿ ಕುರ್ಚಿಯಲ್ಲಿ ಕೂತರು. ಕಾಕಾ ಎದುರಿಗೆ ನಿಂತು, "ಇನ್ನೊಂದ ನೀಡವಾ ಸುಂದರಕ್ಕ, ಸಾಹೇಬ್ರು ನಾಚ್ಕೊಳ್ಳಾಕ ಹತ್ಯಾರ," ಎನ್ನುತ್ತಲೇ ಇದ್ದರು. ಅತ್ತೆ ನೀಡುತ್ತಲೇ ಇದ್ದರು.

ಮೊದಲ ಹೋಳಿಗೆಗೆ ನೆಟ್ಟಗಿದ್ದ ಅಧಿಕಾರಿ ಆಮೇಲಾಮೇಲೆ ಎಡಕ್ಕೆ ವಾಲತೊಡಗಿದರು. ಹೊಟ್ಟೆ ಭಾರವಾಯಿತೇನೋ ಅಂದುಕೊಂಡೆವು. ಇದ್ದಕ್ಕಿದ್ದಂತೆ ಕುರ್ಚಿಯ ಹಿಂದಿನ ಕಾಲು ಪಚಕ್ಕೆಂದು ಒಳಗೆ ಇಳಿಯಿತು. ಸಾರಿನ ಬಟ್ಟಲು ಅವರ ಅಂಗಿಯ ಮೇಲೆ ಮಗುಚಿತು.

"ಅಯ್ಯ ಶಿವನ!" ಎಂದು ಎಲ್ಲರೂ ಓಡಿ ಅವರನ್ನು ಎಬ್ಬಿಸಿದರು. ಕಾಕಾ ಕುರ್ಚಿಯನ್ನು ಜಗ್ಗಿದರು. ಕಾಲಿಗೆ ಕರೀ ರಾಡಿ ಮೆತ್ತಿಕೊಂಡು ಮೇಲೆ ಬಂತು. ನಾವು ನೋಡುತ್ತಿದ್ದಂತೆಯೇ ಅದು ಬಿಟ್ಟುಹೋದ ತೂತಿನಲ್ಲಿ ನೀರು ಜಿನುಗಿ ತುಂಬಿಕೊಂಡಿತು.

ಅಧಿಕಾರಿ ಕುಕ್ಕರುಗಾಲಲ್ಲಿ ಕೂತು ನೀರಿಗೆ ಬೆರಳದ್ದಿದರು. ಆಮೇಲೆ ದಂಡೆಯ ಬಾವಿಯತ್ತ ತಿರುಗಿ ನೋಡಿದರು.

"ಮೇ ತಿಂಗಳಲ್ಲೂ ನೀರಿದೆಯೇ!"

"ಮ್ಯಾಲ ಅಷ್ಟ ಒಣಗೇತ್ರಿ," ಎಂದರು ಅತ್ತೆ. "ಒಳಗ ಇನ್ನೂ ಹಸಿ ಐತಿ. ಅದಕ್ಕ ಬಾವಿ ಬತ್ತೂದಿಲ್ಲ."

ಅಧಿಕಾರಿ ಮೊದಲು ಬರೆದದ್ದನ್ನು ಹೊಡೆದು ಹಾಕಿದರು. ಹೊಸದಾಗಿ ಬರೆದು ಗಟ್ಟಿಯಾಗಿ ಓದಿದರು: "ಇದು ಜಲಮೂಲ. ಹಳದಿ ಬಣ್ಣ ತೆಗೆಯಲು ಶಿಫಾರಸು ಮಾಡಿದೆ." ನನ್ನ ಕಣ್ಣು ತುಂಬಿ ಬಂತು. ಪೆನ್ನು ಮುಚ್ಚುವಾಗ ಅವರು ತಲೆ ಎತ್ತಿ ಕೇಳಿದರು, "ಅದಿರಲಿ, ಹೊಂಡಕ್ಕೆ ಈ ಮುರುಮು ತುಂಬಿದವರು ಯಾರು? ಇದು ತಪ್ಪಲ್ಲವೇ?"

ಎಲ್ಲರೂ ತಲೆ ತಗ್ಗಿಸಿದರು. "ನಾವರಿ," ಎಂದರು ಅತ್ತೆ, ಕೇಳಿಸಿತೋ ಇಲ್ಲವೋ ಎಂಬಂತೆ.

ಜೀಪು ಹೋದ ಮೇಲೆ ಓಣಿಗೆ ಓಣಿಯೇ ಬುಟ್ಟಿ ಸಲಿಕೆ ಹಿಡಿದು ಇಳಿಯಿತು. ಹಾಕಿದ ಮುರುಮನ್ನೆಲ್ಲ ಕೆರೆದು ಹೊತ್ತು ದಂಡೆಗೆ ಸಾಗಿಸಿದೆವು. ಅತ್ತೆ ಹೊಸ ಸೀರೆಯಲ್ಲೇ ಬುಟ್ಟಿ ಹೊತ್ತಿದ್ದರು.

"ಮುಚ್ಚಬ್ಯಾಡ್ರಿ ಅಂತ ಅರ್ಜಿ ಕೊಟ್ಟವರೂ ನಾವ, ಮೊದಲನೇ ಬುಟ್ಟಿ ಸುರಿದವರೂ ನಾವ," ಎಂದರು.

ಬೆಳಗಿನಿಂದ ಅವರಿಗೆ ಅನ್ನಬೇಕೆಂದು ಕೂಡಿಟ್ಟಿದ್ದ ಮಾತೊಂದೂ ಬಾಯಿಗೆ ಬರಲಿಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡು, ಸಾಗವಾನಿ ಕುರ್ಚಿಯನ್ನು ಹತ್ತಿರ ಎಳೆದೆ. "ದಣದೀರಿ ಅತ್ತಿ, ಸ್ವಲ್ಪ ಕುಂದರ್ರಿ."

ಊರಿಗೆಲ್ಲ ಕುರ್ಚಿ ಹಾಕುವ ಹೆಂಗಸು ಅದರ ರಾಡಿ ಮೆತ್ತಿದ ಕಾಲನ್ನೇ ನೋಡಿದರು.

"ಒಲ್ಲೆವ್ವಾ," ಎಂದರು, "ಇವತ್ತ ನಾ ನಿಂದರತೇನಿ."