ಚಪ್ಪಾಳೆ ದೀಪದ ಕಿವಿ

ನಾನು ಒಂದು ಕಿಟ್. ಹಾಗೆಂದರೆ ಈಗಿನವರು ಮುಖ ಮುಖ ನೋಡಿಕೊಳ್ಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅಂಗೈಯಗಲದ ಹಲಗೆ, ಹನ್ನೊಂದು ಬಿಡಿಭಾಗ, ಒಂದು ಸಣ್ಣ ಮೈಕು, ಒಂದು ಕೆಂಪು ದೀಪ, ಹೇಗೆ ಜೋಡಿಸಬೇಕೆಂದು ಬರೆದ ಕನ್ನಡದ ಚೀಟಿ. ಕೊಂಡವರು ಮನೆಗೆ ಒಯ್ದು, ಬೆಸುಗೆ ಹಾಕಿ, ಎರಡು ಸಲ ಕೈ ಸುಟ್ಟುಕೊಂಡು ನಮಗೆ ಜೀವ ಕೊಡಬೇಕು. ನನ್ನ ಹೆಸರು ಚಪ್ಪಾಳೆ ದೀಪ. ಚಪ್ಪಾಳೆ ತಟ್ಟಿದರೆ ಹತ್ತಬೇಕು, ಸದ್ದು ನಿಂತರೆ ಆರಬೇಕು. ಬೇರೆ ಯಾವ ಘನಂದಾರಿ ಕೆಲಸವೂ ನನಗಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಈರಣ್ಣ ಪತ್ತಾರರ ಅಂಗಡಿಯಲ್ಲಿ. ಅವರದು ಅಕ್ಕಸಾಲಿಗರ ಮನೆತನ. ಬಂಗಾರಕ್ಕೆ ಬೆಸುಗೆ ಹಾಕಬೇಕಾದ ಕೈ ರೇಡಿಯೋ ಕಡೆ ಹೊರಳಿತ್ತು. ಇಂಗ್ಲಿಷ್ ಬಾರದವರೂ ರೇಡಿಯೋ ಕಟ್ಟಲಿ ಎಂದು ಕಿಟ್ ತಯಾರಿಸಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಕನ್ನಡದ ಚೀಟಿ ಬರೆದವರು ಅವರು. ಕಾಲೇಜು ಓದುತ್ತಿದ್ದ ಮಗಳು ಶಕುಂತಲಾ ರವಿವಾರ ಮಧ್ಯಾಹ್ನ ಕೂತು ಚೀಟಿ ನೋಡಿಕೊಂಡು ಚೀಲ ತುಂಬುತ್ತಿದ್ದಳು.

ರೆಸಿಸ್ಟರ್ ಅಂತ ಒಂದು ಭಾಗ ಇರುತ್ತದೆ, ಜೀರಿಗೆಗಿಂತ ತುಸು ದಪ್ಪ. ಅದರ ಮೈಮೇಲಿನ ಬಣ್ಣದ ಪಟ್ಟಿಗಳೇ ಅದರ ಅಂಕಿ. ಈರಣ್ಣನವರು ಅದನ್ನು ಎಲ್ಲರಿಗೂ ಒಂದೇ ಉಸಿರಿನಲ್ಲಿ ಕಲಿಸುತ್ತಿದ್ದರು. "ನಾಕು ಕ, ಎರಡು ಹ, ಎರಡು ನ, ಎರಡು ಬ. ಕಪ್ಪು ಕಂದು ಕೆಂಪು ಕಿತ್ತಳೆ, ಹಳದಿ ಹಸಿರು, ನೀಲಿ ನೇರಳೆ, ಬೂದು ಬಿಳಿ. ಮುಗೀತು ನೋಡ್ರಿ, ಇದಕ್ಕ ಇಂಗ್ಲಿಷ್ ಯಾಕ ಬೇಕು?" ಚೀಟಿಯಲ್ಲಿ ಇನ್ನೂ ಚಿಕ್ಕದಾಗಿ, ಕಂದಿಗೆ 'ಕಂ', ಕೆಂಪಿಗೆ 'ಕೆಂ' ಎಂದು ಬರೆಯುತ್ತಿದ್ದರು. ಎರಡಕ್ಕೂ ನಡುವೆ ಇದ್ದದ್ದು ಒಂದು ಎತ್ವ. ಚೀಟಿಯ ಜೆರಾಕ್ಸ್, ಜೆರಾಕ್ಸಿನ ಜೆರಾಕ್ಸ್ ಆಗುತ್ತ ನನ್ನ ಪಾಳಿ ಬರುವ ಹೊತ್ತಿಗೆ ಆ ಎತ್ವ ಅಳಿಸಿಹೋಗಿತ್ತು. ಶಕುಂತಲಾ 'ಕಂ' ಎಂದು ಓದಿದಳು, ಕೆಂಪು ಪಟ್ಟಿ ಇರಬೇಕಾದಲ್ಲಿ ಕಂದು ಪಟ್ಟಿಯ ರೆಸಿಸ್ಟರ್ ಹಾಕಿದಳು. ಅಷ್ಟಕ್ಕೇ ನನ್ನ ಕಿವಿ ಹತ್ತು ಪಟ್ಟು ಚುರುಕಾಯಿತು. ಅದು ಯಾರಿಗೂ ಗೊತ್ತಾಗಲಿಲ್ಲ.

ನನ್ನನ್ನು ಮೊದಲು ಕೊಂಡವರು ಇನಾಮದಾರ ಮಾಸ್ತರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಅಚ್ಚುಕಟ್ಟಾಗಿ ಬೆಸುಗೆ ಹಾಕಿ, ಬ್ಯಾಟರಿ ಸಿಕ್ಕಿಸಿ, ಪಡಸಾಲೆಯ ಗೂಟಕ್ಕೆ ತೂಗುಹಾಕಿದರು. ಚಪ್ಪಾಳೆ ತಟ್ಟುವ ಮೊದಲೇ ಹತ್ತಿದೆ. ಮಾಸ್ತರು, ಅವರ ಹೆಂಡತಿ, ಅವರ ತಾಯಿ ಮೂವರೂ ಮಾತು ನಿಲ್ಲಿಸಿದರು. ಆಮೇಲೆ ಉಸಿರು ಬಿಗಿಹಿಡಿದರು. ದೀಪ ಆರಲಿಲ್ಲ.

"ಮನ್ಯಾಗ ಯಾರೋ ಅದಾರ," ಎಂದರು ತಾಯಿ, ತಣ್ಣಗೆ.

ಇದ್ದದ್ದು ಹೌದು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮೇಲೆ ಇರುವೆಗಳು ಸಾಲುಗಟ್ಟಿ ನಡೆಯುತ್ತಿದ್ದವು. ಆ ಕಾಲುಗಳ ಸಪ್ಪಳ ನನಗೆ ಸಂತೆಯಷ್ಟು ಜೋರಾಗಿ ಕೇಳುತ್ತಿತ್ತು. ಅದನ್ನು ಹೇಳಲು ನನಗೆ ಬಾಯಿಲ್ಲ, ಒಂದು ದೀಪವಷ್ಟೇ. ಮೂರನೆಯ ದಿನ ಮಾಸ್ತರು ನನ್ನನ್ನು ಹಿಂದಕ್ಕೆ ತಂದರು. "ಈರಣ್ಣಾರ, ನಿಮ್ಮ ಕಿಟ್ಟಿಗೆ ಹುಚ್ಚು ಹಿಡದೈತ್ರಿ."

ಈರಣ್ಣನವರು ನನ್ನನ್ನು ಮಗುಚಿ ಸಹ ನೋಡಲಿಲ್ಲ. "ಬೆಸುಗೆ ಸರಿ ಬಿದ್ದಿಲ್ರಿ. ಕೈ ಕೂಡಬೇಕು, ಎಲ್ಲಾರಿಗೂ ಆಗೂದಲ್ಲ," ಎಂದರು. ಪತ್ತಾರರ ಜಂಬ ಅದು. ಮಾಸ್ತರ ಮುಖ ಸಣ್ಣದಾಯಿತು. ಮತ್ತೆ ಅವರು ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಅಲ್ಲಿಂದ ವರ್ಷಗಟ್ಟಲೆ ನಾನು ಕಪಾಟಿನಲ್ಲಿ ಬಿದ್ದಿದ್ದೆ. ಕಿಟ್ ಕೇಳುವವರು ಹತ್ತರಿಂದ ಐದಾದರು, ಐದರಿಂದ ಒಬ್ಬರಾದರು, ಕೊನೆಗೆ ಆ ಒಬ್ಬರೂ ಬರಲಿಲ್ಲ. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮೊಬೈಲ್ ಕವರು, ಚಾರ್ಜರು ಬಂದು ಕೂತವು. ಅದನ್ನು ಶಕುಂತಲಾ ನೋಡಿಕೊಂಡಳು, ಮನೆ ನಡೆದದ್ದೂ ಅದರಿಂದಲೇ. ಉಳಿದ ಕಿಟ್ಟುಗಳನ್ನೆಲ್ಲ, ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳ ಸಮೇತ, ಈರಣ್ಣನವರು ಒಳಕೋಣೆಯ ಅಟ್ಟಕ್ಕೆ ಏರಿಸಿದರು. "ಗುಜರಿಗೆ ಹಾಕೋಣಪ್ಪಾ, ಅಟ್ಟ ತಡಿಯೂದಿಲ್ಲ," ಎಂದು ಮಗಳು ವರ್ಷಕ್ಕೊಮ್ಮೆ ಹೇಳುತ್ತಿದ್ದಳು. "ಬರ್ತಾರ ತಡಿ, ಬರ್ತಾರ," ಎನ್ನುತ್ತಿದ್ದರು ಅಪ್ಪ.

ಅವರ ಕಿವಿ ಮಂದವಾಯಿತು. ಕರೆದವರ ದನಿ ಕೇಳದೆ ಗಿರಾಕಿ ತಿರುಗಿಹೋದಾರು ಎಂದು ಹೆದರಿ ನನ್ನನ್ನು ಕಪಾಟಿನಿಂದ ಇಳಿಸಿ, ಧೂಳು ಊದಿ, ಒಳಕೋಣೆಯಲ್ಲಿ ತಾವು ಕೂರುವ ಕುರ್ಚಿಯ ಎದುರು ಗೋಡೆಗೆ ತಗುಲಿಸಿದರು. ನೆತ್ತಿಯ ಮೇಲೆ ಅಟ್ಟ. ಓಣಿ ಗದ್ದಲದಲ್ಲಿರುವಾಗ ನಾನು ಹತ್ತಿಯೇ ಇರುತ್ತಿದ್ದೆ, ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ತಾಪತ್ರಯ ಮಧ್ಯಾಹ್ನದ್ದು. ಎರಡಕ್ಕೆ ಓಣಿಯೆಲ್ಲ ಉಂಡು ಮಲಗುತ್ತಿತ್ತು. ಶಕುಂತಲಾ ಗಾಜಿನ ಬಾಗಿಲು ಎಳೆದುಕೊಂಡು ಮುಂದೆ ಕೂರುತ್ತಿದ್ದಳು. ಆ ಬಿಸಿಲಿನ ನಿಶ್ಶಬ್ದದಲ್ಲಿ ಮೇಲಿಂದ ಕೇಳುತ್ತಿತ್ತು: ಕರ್ರ್.

ಮೊದಲು ಇಲಿ ಎಂದುಕೊಂಡೆ. ಇಲಿಯಲ್ಲ. ಅಟ್ಟ ಹೊತ್ತ ತೊಲೆಯೊಳಗೆ ಗೆದ್ದಲು, ಸಾವಿರ ಬಾಯಿ ಒಟ್ಟಿಗೆ ತಿನ್ನುವ ಸದ್ದು. ನಡುನಡುವೆ ತೊಲೆ ಒಂದು ಎಳೆಯಷ್ಟು ಬಾಗಿ ನರಳುತ್ತಿತ್ತು. ಸಣ್ಣ ಸದ್ದಿಗೆ ಮಿಣುಕುತ್ತಿದ್ದ ನಾನು ಪ್ರತಿ ನರಳಿಕೆಗೂ ಭಗ್ಗನೆ ಹತ್ತುತ್ತಿದ್ದೆ. ಎದ್ದು ಹೋಗಿ ಮಾರಾಯರೇ, ಮೇಲೆ ನೋಡಿ ಎಂದು ಹತ್ತುತ್ತಿದ್ದೆ. ಈರಣ್ಣನವರು ಏಳುತ್ತಿದ್ದರು, ನಿಜ. ಎದ್ದು ಬಾಗಿಲ ಕಡೆ ಹೋಗಿ, ಯಾರೂ ಇಲ್ಲದ ಹೊಸ್ತಿಲಿಗೆ ನಗುನಗುತ್ತ ಕೇಳುತ್ತಿದ್ದರು:

"ಬರ್ರಿ, ಬರ್ರಿ. ಯಾವ ಕಿಟ್ ಬೇಕಾಗಿತ್ರಿ?"

ದಿನಕ್ಕೆ ನಾಲ್ಕು ಸಲ, ಐದು ಸಲ. ಪಕ್ಕದ ಪಾತ್ರೆ-ಬಾಂಡೆ ಅಂಗಡಿಯ ಚನ್ನಬಸಪ್ಪ ಒಮ್ಮೆ ಇದನ್ನು ಗಾಜಿನಾಚೆಯಿಂದ ಕಂಡ. ಮರುದಿನಕ್ಕೆ ಓಣಿಯ ತುಂಬ ಸುದ್ದಿ, ಪತ್ತಾರರ ಅಂಗಡಿಯಲ್ಲಿ ಸತ್ತ ಗಿರಾಕಿಗಳು ಬರುತ್ತಾರಂತೆ. ಕವರು ಕೊಳ್ಳುವವರೂ ಹಗಲೇ ಅಂಜತೊಡಗಿದರು. ಗೆದ್ದಲಿಗೆ ಅಂಜಬೇಕಾದವರು ದೀಪಕ್ಕೆ ಅಂಜಿದರು, ಇಂಥ ಬುದ್ಧಿಗೆ ಏನೆನ್ನಬೇಕು.

ಕೊನೆಗೆ ಶಕುಂತಲಾ ಅಪ್ಪನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು. "ಅಪ್ಪಾ, ಆ ದೀಪ ತಗಿ, ಇಲ್ಲಾ ರಿಪೇರಿ ಮಾಡು. ನನಗ ಇಲ್ಲಿ ಕೂಡ್ರಾಕ ಆಗವಲ್ದು."

ಮಗಳ ಮುಖ ನೋಡಿ ಅವರು ನನ್ನನ್ನು ಮೇಜಿನ ಮೇಲೆ ಮಗುಚಿದರು. ಕನ್ನಡಕ ಹಣೆಗೇರಿಸಿ, ಚೀಟಿ ಬಿಚ್ಚಿ, ಒಂದೊಂದೇ ಭಾಗ ತಾಳೆ ನೋಡಿದರು. ಬೆರಳು ಆ ಕಂದು ಪಟ್ಟಿಯ ಮೇಲೆ ನಿಂತಿತು. ಚೀಟಿಯನ್ನು ಬೆಳಕಿಗೆ ಹಿಡಿದರು.

"ಶಕ್ಕೂ, ಇಲ್ಲೆ ಎತ್ವ ಎಲ್ಲಿ ಹೋತು?"

ಅವಳು ನೋಡಿದಳು. ಅವಳಿಗೂ ತಿಳಿಯಿತು. "ತುಂಬಿದಾಕಿ ನಾನಪ್ಪಾ," ಎಂದಳು ಮೆಲ್ಲಗೆ. ಅದು ಅವರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ಎಷ್ಟ ಮಂದಿಗೆ ಕೊಟ್ಟೇನಿ ಇದನ್ನ," ಎಂದರು ಈರಣ್ಣನವರು. "ಎಲ್ಲಾರಿಗೂ ಬೆಸುಗೆ ಬರೂದಿಲ್ಲ ಅಂದೆ. ಮಾಸ್ತರಿಗೂ ಅಂದೆ. ಅದಕ್ಕ ಬರೂದ ಬಿಟ್ರು ನೋಡು. ನಾನ ಬಿಡಿಸಿದೆ." ಕಣ್ಣೊರೆಸಿಕೊಂಡರು. ಹಾಗಲ್ಲ, ಕಾಲವೇ ಬೇರೆಯಾಯಿತು, ಎತ್ವ ಇದ್ದಿದ್ದರೂ ಅವರು ಬರುತ್ತಿರಲಿಲ್ಲ ಎಂದು ಹೇಳುವ ಆಸೆಯಾಯಿತು ನನಗೆ. ಆ ಮನುಷ್ಯನ ಮೇಲೆ ನನಗೆ ಅಷ್ಟು ಕನಿಕರ ಎಂದೂ ಬಂದಿರಲಿಲ್ಲ.

ಅವರು ಕಂದು ಪಟ್ಟಿಯದನ್ನು ಕಿತ್ತು ಕೆಂಪು ಪಟ್ಟಿಯದನ್ನು ಬೆಸೆದರು. ಎಂಥ ಬೆಸುಗೆ ಅದು, ಬಂಗಾರದ ಕೈ. ಮತ್ತೆ ಗೋಡೆಗೆ ತಗುಲಿಸಿ ಚಪ್ಪಾಳೆ ತಟ್ಟಿದರು. ಹತ್ತಿದೆ. ಸುಮ್ಮನಾದರು. ಆರಿದೆ. ಶಕುಂತಲಾ ನಿಟ್ಟುಸಿರು ಬಿಟ್ಟಂತೆ ಕಂಡಿತು. ಕಂಡಿತು ಎನ್ನುತ್ತೇನೆ, ಏಕೆಂದರೆ ಕೇಳಿಸಲಿಲ್ಲ. ಇರುವೆ ಇಲ್ಲ, ಗೆದ್ದಲು ಇಲ್ಲ, ತೊಲೆ ಇಲ್ಲ. ನನ್ನ ಸುತ್ತ ಹತ್ತಿ ತುರುಕಿದ ಹಾಗಾಯಿತು.

ಮರುದಿನ ಮಧ್ಯಾಹ್ನ ಈರಣ್ಣನವರು ಏಣಿ ತಂದರು. ಅಟ್ಟದಲ್ಲಿದ್ದ ಒಂದೊಂದು ಚೀಟಿಗೂ ಪೆನ್ನಿನಿಂದ ಎತ್ವ ಬರೆದು, ಒಂದೊಂದು ಚೀಲದ ರೆಸಿಸ್ಟರೂ ಬದಲಿಸುವುದಂತೆ.

"ಯಾರ್ ತಗೋತಾರಪ್ಪಾ ಈಗ?" ಎಂದು ಶಕುಂತಲಾ ಮುಂದಿನಿಂದ ಕೂಗಿದಳು.

"ತಗೊಳ್ಳದಿದ್ರ ಬಿಡ್ಲಿ. ತಪ್ಪಂತೂ ನಂದು," ಎಂದು ಅವರೂ ಕೂಗಿದರು.

ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೇಲೆ ತೊಲೆ ನರಳುತ್ತಿತ್ತೋ ಏನೋ, ನಾನು ಆರಿಯೇ ಇದ್ದೆ. ನಿನ್ನೆಯ ನಾನಾಗಿದ್ದರೆ ಕಣ್ಣು ಕುಕ್ಕುವ ಹಾಗೆ ಉರಿಯುತ್ತಿದ್ದೆ, ಅವರು ಗಿರಾಕಿ ಬಂದನೆಂದು ಇಳಿದು ಬಾಗಿಲಿಗೆ ಹೋಗುತ್ತಿದ್ದರು. ಅವರು ಅಟ್ಟದ ಮೇಲೆ ಮೊಣಕಾಲೂರಿದರು. ಆಗ ಬಂತು ಸದ್ದು, ಓಣಿಯೆಲ್ಲ ಎದ್ದು ಕೂರುವಂಥದ್ದು. ಅದಕ್ಕೆ ನಾನು ಹತ್ತಿದೆ, ಚೀಟಿಯಲ್ಲಿ ಬರೆದ ಪ್ರಕಾರ.

ಧೂಳು ಇಳಿದಾಗ ನನ್ನೆದುರು ತೊಲೆ, ಹಲಗೆ, ಕಬ್ಬಿಣ, ನೂರಾರು ಚೀಲಗಳ ಗುಡ್ಡೆ. ಈರಣ್ಣನವರು ಅದರ ಕೆಳಗೆ. ಚನ್ನಬಸಪ್ಪ ಮತ್ತು ಓಣಿಯವರು ಓಡಿಬಂದು ಎರಡೂ ಕೈಯಿಂದ ಎಳೆದು ಹಾಕುತ್ತಿದ್ದರು. ಶಕುಂತಲಾ ಕೈಯೆತ್ತಿ ಚೀರಿದಳು. "ಯಾರೂ ಮಾತಾಡಬ್ಯಾಡ್ರಿ. ಅಪ್ಪ ಉಸುರು ಬಿಟ್ರೂ ಅದಕ್ಕ ಕೇಳತೈತಿ. ದೀಪ ನೋಡ್ರಿ."

ಗಾಬರಿಯಲ್ಲಿ ನಿನ್ನೆಯ ರಿಪೇರಿಯನ್ನೇ ಮರೆತಿದ್ದಳು. ಎಲ್ಲರೂ ಕಲ್ಲಾದರು. ನನ್ನನ್ನು ಕಂಡರೆ ಅಂಜುತ್ತಿದ್ದ ಅಷ್ಟೂ ಕಣ್ಣು ನನ್ನ ಮೇಲೆ ನಿಂತವು. ಹತ್ತಬೇಕೆಂದು ನಾನು ಒದ್ದಾಡಿದೆ. ನನಗೆ ಏನೂ ಕೇಳಿಸಲಿಲ್ಲ. ಚನ್ನಬಸಪ್ಪ ತಲೆ ಅಲ್ಲಾಡಿಸಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಎಳೆಯುತ್ತಿದ್ದ ಕೈಗಳು ನಿಧಾನವಾದವು, ಆಮೇಲೆ ನಿಂತವು, ಪೊಲೀಸರು ಬರಲೆಂದು ಕಾದವು.

ಹದಿಮೂರು ದಿನ ಕಳೆದ ಮೇಲೆ ಓಣಿಯಲ್ಲಿ ದೊಡ್ಡ ಜಗಳವಾಯಿತು, ಅಷ್ಟು ಜೋರು ಮಾತು ನನಗೂ ಕೇಳುತ್ತದೆ. ಯಾರೋ ಚನ್ನಬಸಪ್ಪನ ಅಂಗಿ ಹಿಡಿದಿದ್ದರು. "ಡಾಕ್ಟರ್ ಏನಂದಾರ ಗೊತ್ತೇನ್ ನಿಂಗ? ಒಳಗ ಅರ್ಧಾ ತಾಸು ಜೀವ ಇತ್ತಂತ. ನೀವು ಕೈ ಕಟ್ಟಿ ನಿಂತಿದ್ರಿ." ಶಕುಂತಲಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಈಗ ಅಂಗಡಿ ಇಲ್ಲ. ಚೀಲಗಳೆಲ್ಲ ಗುಜರಿಗೆ ಹೋದವು, ನನ್ನನ್ನು ಮಾತ್ರ ಅವಳು ಮನೆಗೆ ತಂದಳು. ಅವಳ ಅಡುಗೆಮನೆಯ ಕಿಟಕಿಯಲ್ಲಿದ್ದೇನೆ, ಬ್ಯಾಟರಿ ಮುಗಿದರೆ ಹೊಸದು ಹಾಕುತ್ತಾಳೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನನ್ನೆದುರು ಕೂತು ಒಂದು ಚಪ್ಪಾಳೆ ತಟ್ಟುತ್ತಾಳೆ. ಹತ್ತುತ್ತೇನೆ, ಆರುತ್ತೇನೆ. ಆಮೇಲೆ ಅವಳು ನನ್ನ ಹತ್ತಿರ ಬಾಗಿ ತುಟಿ ಅಲುಗಿಸುತ್ತಾಳೆ. ಬೈಯುತ್ತಾಳೋ, ಅಪ್ಪನನ್ನು ಕರೆಯುತ್ತಾಳೋ, ನನಗೆ ಕೇಳಿಸುವುದಿಲ್ಲ.