ಎಸಿಯ ಕೆಳಗಿನ ಕೌದಿ

ಪ್ರಫುಲ್ಲಾಳ ಮನೆಯ ಎಸಿ ತಂಪು ಮಾಡುತ್ತಿಲ್ಲ ಎಂಬ ಸುದ್ದಿ ಲಿಫ್ಟಿನಲ್ಲಿ ಕಿವಿಗೆ ಬಿದ್ದಾಗ ನನ್ನ ಹೊಟ್ಟೆ ತಣ್ಣಗಾಯಿತು. ಕೆಡಿಸಿದವಳು ನಾನೇ.

ಪುಣೆಯ ಹಡಪಸರದಲ್ಲಿ ನಮ್ಮದು ಅಕ್ಕಪಕ್ಕದ ಫ್ಲ್ಯಾಟು. ಅವಳ ಎಸಿಯ ಹೊರಗಿನ ಡಬ್ಬಿ ನನ್ನ ಬಾಲ್ಕನಿಗೆ ಮುಖ ಮಾಡಿ ಬಿಸಿಗಾಳಿ ಊದುತ್ತದೆ. ನೆರೆಯವರೆಂದು ಇಷ್ಟು ದಿನ ಸಹಿಸಿದ್ದೆ. ಈ ಬೇಸಿಗೆ ಅದಕ್ಕೆ ಅಡ್ಡವಾಗಿ ನನ್ನ ಗ್ರಿಲ್ಲಿಗೆ ಪ್ಲಾಸ್ಟಿಕ್ಕಿನ ತಾಡಪತ್ರಿ ಬಿಗಿದೆ. ಊದಿದ ಬಿಸಿ ತಿರುಗಿ ಅದಕ್ಕೇ ಹೊಡೆಯಲಿ, ಒದ್ದಾಡಲಿ.

ಸಿಟ್ಟು ಬಿಸಿಗಾಳಿಯದ್ದಲ್ಲ, ಕೌದಿಯದ್ದು. ಹೋದ ವರ್ಷ ತೀರಿಕೊಂಡ ನಮ್ಮವ್ವ ಯಮನವ್ವ ಕಡೆಯದಾಗಿ ಹೊಲಿದ ಕೌದಿ. ಹಳೆಯ ಸೀರೆಗಳ ನಡುವೆ ಅಪ್ಪನ ಅಂಗಿಯ ಜೇಬನ್ನು ಇಡಿಯಾಗಿ ಕೂಡಿಸಿದ್ದಳು. ಅವ್ವನ ವಾಸನೆ ಹೋದೀತೆಂದು ನಾನದನ್ನು ಒಮ್ಮೆಯೂ ತೊಳೆದಿರಲಿಲ್ಲ, ಟೆರೇಸಿನ ಬಿಸಿಲಿಗೆ ಹಾಕುತ್ತಿದ್ದೆ ಅಷ್ಟೇ.

"ಕೂಲಿಯವರ ಶೆಡ್ಡಿನ್ಯಾಗಿನ ಚಿಂದಿ ಇಲ್ಲ್ಯಾಕ್ರಿ?" ಎಂದು ಪ್ರಫುಲ್ಲಾ ಮೂಗು ಮುರಿದಿದ್ದಳು. ಚಿಕ್ಕೋಡಿಯವಳು, ತಾನೂ ಕೌದಿ ಹೊದ್ದೇ ಬೆಳೆದವಳು! ಮರುವಾರ ಕೌದಿ ಮಾಯ. ಯಾರಾದರೂ ನೋಡಿದಿರಾ ಎಂದು ಎಲ್ಲರನ್ನೂ ಕೇಳಿದೆ. "ನಾ ಯಾಕ ತಗೋಲಿ?" ಎಂದವಳು ಇವಳೊಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಎಸಿ ನೋಡಲು ಮೆಕ್ಯಾನಿಕ್ ಸ್ವಪ್ನಿಲ್ ಬಂದ ದಿನ ಅವಳ ಮನೆಯ ಬಾಗಿಲು ತೆರೆದೇ ಇತ್ತು. ಮಜಾ ನೋಡಲು ನಾನೂ ಒಳಗೆ ಹೋದೆ. ಫಿಲ್ಟರ್ ತೊಳೆದಾಗಿತ್ತು, ಗ್ಯಾಸೂ ಸರಿಯಿತ್ತು. ಈಗ ಅವನು ಒಳಗಿನ ಜಾಲರಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದ. ಕಪ್ಪು ರಾಡಿ ಹಾಸಿಗೆಗೆ ತಾಗದಿರಲೆಂದು ಕೆಳಗೆ ಒಂದು ಹಳೆಯ ಬಟ್ಟೆ ಹಾಸಿದ್ದರು.

ಆ ಬಟ್ಟೆಗೆ ಜೇಬಿತ್ತು.

ಎಳೆದುಕೊಂಡು ಮೂಗಿಗೆ ಹಿಡಿದೆ. ಬರೀ ಬೂಷ್ಟಿನ ವಾಸನೆ. ಎಸಿ ಕೆಡಿಸಿ ಈ ರಾಡಿ ಅದರ ಮೇಲೆ ಸುರಿಯುವಂತೆ ಮಾಡಿದವಳು ನಾನೇ ಎಂಬುದು ನೆನಪಾಗಿ ಸಿಟ್ಟು ಇನ್ನೂ ಏರಿತು.

"ಟೆರೇಸ್ ಮ್ಯಾಲ ಬಿದ್ದಿತ್ರಿ..." ಪ್ರಫುಲ್ಲಾ ತೊದಲಿದಳು.

"ಬಿದ್ದಿದ್ದಿಲ್ರಿ. ಬಿಸಲಿಗೆ ಹಾಕಿದ್ದೆ."

ಅಷ್ಟರಲ್ಲಿ ಸ್ವಪ್ನಿಲ್ ಕಿಟಕಿಯಿಂದ ಬಗ್ಗಿ ನೋಡಿದ. ಆ ತಾಡಪತ್ರಿ ತೆಗೆದರೆ ಸಾಕು, ಎಸಿಗೆ ಬೇರೇನೂ ಆಗಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಪ್ರಫುಲ್ಲಾ ನನಗೆ ಕೈ ಮುಗಿದಳು.

"ಭಾಗ್ಯಾ, ಅಷ್ಟು ತಗೀರಿ. ಧಗಿಗೆ ಜೀವ ಹೋಗ್ಲಿಕ್ಕ ಹತ್ತೇದ."

"ತಗೀತೀನ್ರಿ."

ತೆಗೆದೆ. ಕೌದಿಯನ್ನು ತೊಳೆದು ಅದೇ ಗ್ರಿಲ್ಲಿಗೆ ಹರವಿದೆ. ಪದರಪದರ ಸೀರೆಯ ದಪ್ಪ ಅದು, ತಾಡಪತ್ರಿಗಿಂತ ಚೆನ್ನಾಗಿ ಅಡ್ಡ ನಿಂತಿತು.

ಮರುದಿನ ಅವಳು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಇನ್ನಾ ಒಣಗಿಲ್ಲೇನ್ರಿ?"

"ಒಣಗ್ಯದ್ರಿ. ಆದ್ರ ನಿಮ್ಮನಿ ರಾಡಿ ಬಿಡವಲ್ದು. ದಿನಾ ತೊಳೀತೀನಿ, ದಿನಾ ಹಾಕ್ತೀನಿ. ನಮ್ಮವ್ವನ ವಾಸನಿ ತಿರುಗಿ ಬಂದ ದಿನ ಒಳಗ ತಗೋತೀನಿ."