ಐದನೆಯವನ ಜಾಗ

ಈಗಲೂ ನಾವು ಹಳೆಯ ಗೆಳೆಯರು ಸಾಲಾಗಿ ನಿಂತರೆ ನನ್ನ ಎಡಗಡೆ ಒಬ್ಬರ ಜಾಗ ಖಾಲಿ ಉಳಿಯುತ್ತದೆ. ಮದುವೆಮನೆಯ ಫೋಟೋದವನು, "ಹತ್ತಿರ ಬನ್ನಿ ಸಾರ್, ಮಧ್ಯೆ ಗೋಡೆ ಕಾಣ್ತಿದೆ" ಎಂದು ಗೋಗರೆಯುತ್ತಾನೆ. ನಾವು ಸರಿದ ಹಾಗೆ ಮಾಡಿ ಅಲ್ಲೇ ನಿಲ್ಲುತ್ತೇವೆ.

ಅದು ಕೋಟೆಯಲ್ಲಿ ಕಲಿತ ಪಾಠ. ನಾವು ಎಂಟು ಮಂದಿ ಒಂದೇ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಯಾರೋ ತಂದುಕೊಟ್ಟ ಕರಪತ್ರವೊಂದನ್ನು ಅಚ್ಚು ಹಾಕಿದೆವು. ಅದನ್ನು ಮನಸ್ಸಿಟ್ಟು ಓದಿದವರು ಸೈನ್ಯದವರು ಮಾತ್ರ. ನಮ್ಮನ್ನು ಊರಾಚೆಯ ಕೋಟೆಗೆ ಒಯ್ದು ಹದಿನಾಲ್ಕು ತಿಂಗಳು ಕೂಡಿಹಾಕಿದರು. ಅಲ್ಲಿ ಹೆಸರಿರಲಿಲ್ಲ, ಬರೀ ನಂಬರು. ನಾನು ನಾಲ್ಕು. ಬೆಳಿಗ್ಗೆ ಸಾಲಾಗಿ ನಿಂತಾಗ, ವಿಚಾರಣೆಗೆ ಹೋದವನ ಜಾಗವನ್ನು ಖಾಲಿ ಬಿಡಬೇಕಿತ್ತು. ಯಾರಿಲ್ಲ ಎಂಬುದು ಆ ಶಿಬಿರ ನಡೆಸುತ್ತಿದ್ದ ಮೇಜರ್‌ಗೆ ಒಂದೇ ನೋಟಕ್ಕೆ ತಿಳಿಯಬೇಕಲ್ಲ. ಮರೆತು ಸರಿದು ನಿಂತವನ ಅಂಗಾಲಿಗೆ ಬೆತ್ತ. ನಾನೊಮ್ಮೆ ಮರೆತಿದ್ದೆ, ಅದಕ್ಕೇ ಇಂದಿಗೂ ಕುಂಟುತ್ತೇನೆ.

ಐದನೆಯವನು ರಂಗಧಾಮ. ಒಂದು ಮಧ್ಯಾಹ್ನ ವಿಚಾರಣೆಗೆ ಹೋದವನು ಮರಳಲೇ ಇಲ್ಲ.

ಬಿಡುಗಡೆಯಾದ ಮೇಲೆ ಏಳು ಮಂದಿಯೂ ಸೇರಿ ಮೇಜರ್ ಮೇಲೂ ಅವನ ಮೇಲಿನ ಅಧಿಕಾರಿಗಳ ಮೇಲೂ ದಾವೆ ಹೂಡಿದೆವು. ಕೋಟೆಯಲ್ಲಿ ಶಿಬಿರವೇ ಇರಲಿಲ್ಲ, ಈ ಜನರನ್ನು ನಾವು ಕಂಡೇ ಇಲ್ಲ ಎಂದು ಅವರು ಉತ್ತರ ಕೊಟ್ಟರು. ನಮ್ಮ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ರಂಗಧಾಮನ ಹೆಂಡತಿ ಶೇಷಮ್ಮ ಮಾತ್ರ ಪ್ರತಿ ವಾಯಿದೆಗೂ ಬಂದು ಕೂರುತ್ತಿದ್ದಳು.

"ಪರಿಹಾರ ಎಲ್ಲ ನೀವು ತಗೊಳ್ಳಿ ಅಣ್ಣ," ಎಂದಿದ್ದಳು ನನಗೆ. "ಅವರು ಇಲ್ಲ ಅಂದ್ರೆ, ಯಾವತ್ತಿಂದ ಇಲ್ಲ? ಅಷ್ಟು ಹೇಳಿಸಿ ಸಾಕು. ತಿಥಿ ಮಾಡೋಕೆ ಒಂದು ದಿನ ಬೇಡ್ವಾ?"

ನನಗೆ ಆಕೆಯ ಮುಖ ನೋಡಲಾಗುತ್ತಿರಲಿಲ್ಲ.

ಮೂರನೆಯ ವರ್ಷ ಮೇಜರ್ ಸಾಕ್ಷಿಕಟ್ಟೆ ಹತ್ತಿದ. ಕೂದಲು ನರೆತಿತ್ತು, ದನಿ ಹಾಗೇ ಇತ್ತು. ನಮ್ಮ ವಕೀಲರಾದ ತುಂಗಾಬಾಯಿಯವರು ನಮ್ಮನ್ನು ಎದ್ದು ನಿಲ್ಲಲು ಹೇಳಿ, "ಇವರ ಮುಖ ಸರಿಯಾಗಿ ನೋಡಿ. ಹಿಂದೆ ಎಲ್ಲಾದರೂ ಕಂಡಿದ್ದೀರಾ?" ಎಂದು ಕೇಳಿದರು.

ಮೇಜರ್ ಎಡದಿಂದ ಬಲಕ್ಕೆ ಕಣ್ಣಾಡಿಸಿದ. ಎಣಿಸುವವನ ಹಾಗೆ ಅವನ ತುಟಿ ಸಣ್ಣಗೆ ಆಡುತ್ತಿತ್ತು. ನಮಗೇ ತಿಳಿಯದೆ ನಾವು ಕೋಟೆಯ ಸಾಲಿನಲ್ಲೇ ನಿಂತಿದ್ದೆವು. ನನಗೂ ಆರನೆಯವನಿಗೂ ನಡುವೆ ಒಬ್ಬರ ಜಾಗ ಖಾಲಿ ಇತ್ತು. ಅವನ ಕಣ್ಣು ಅಲ್ಲಿಗೆ ಬಂದು ನಿಂತಿತು. ಹುಬ್ಬು ಗಂಟಿಕ್ಕಿತು.

"ನಂಬರ್ ಐದು ಎಲ್ಲಿ?" ಎಂದು ಗದರಿದ.

ಅವನ ಮುಖದ ಬಣ್ಣ ಇಳಿಯುವುದನ್ನು ಕಣ್ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ಅದಕ್ಕಿಂತ ಸುಖ ನಾನು ಕಂಡಿಲ್ಲ.

"ಸಾಕ್ಷಿ ಕೇಳಿದ ಪ್ರಶ್ನೆಯನ್ನ ಹಾಗೇ ಬರೆಸಿಕೊಳ್ಳಬೇಕು, ಸ್ವಾಮಿ," ಎಂದರು ತುಂಗಾಬಾಯಿ.

ಇದೆಲ್ಲ ನೀವು ಮೊದಲೇ ಯೋಚಿಸಿದ್ದಿರಾ ಎಂದು ಹೊರಗೆ ಬಂದ ಮೇಲೆ ಕೇಳಿದೆ. "ಇಲ್ಲಪ್ಪ. ನಿಮಗೊಂದು ಅಭ್ಯಾಸ ಬಿಟ್ಟಿರಲಿಲ್ಲ, ಅವನಿಗೊಂದು ಬಿಟ್ಟಿರಲಿಲ್ಲ," ಎಂದು ನಕ್ಕರು.

ಶಿಬಿರದ ಹಾಜರಿ ಪುಸ್ತಕ ತರಬೇಕೆಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು. ತಿಂಗಳೊಳಗೆ ಅದು ಬಂತು. ಐದನೆಯ ನಂಬರಿನ ಎದುರು ಸತ್ತ ದಿನ ಬರೆದಿತ್ತು. ಗುಮಾಸ್ತ ಅದನ್ನು ಓದಿದಾಗ ಶೇಷಮ್ಮ ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ತೀರ್ಪು ನಮ್ಮ ಕಡೆಗೇ ಆಯಿತು. ಮೇಜರನ ಮೇಲಿನವರು ನುಣುಚಿಕೊಂಡರು, ಆ ಸಿಟ್ಟು ನನಗಿನ್ನೂ ಆರಿಲ್ಲ.

ಮೊದಲ ತಿಥಿಗೆ ಶೇಷಮ್ಮ ಏಳು ಮಂದಿಯನ್ನೂ ಊಟಕ್ಕೆ ಕರೆದಳು. ಸಾರು ಬಡಿಸುತ್ತಾ ಬಂದವಳು ನನ್ನ ಎಲೆಯ ಮುಂದೆ ನಿಂತು, "ಅಲ್ಲಿ ಅವರು ಹೇಗಿದ್ರು ಅಣ್ಣ?" ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಅದನ್ನು ಕೇಳಿರಲಿಲ್ಲ.

ಕೋಟೆಯಲ್ಲಿ ಸಾರೆಂದು ಕೊಡುತ್ತಿದ್ದುದು ಬಿಸಿನೀರು. ರಂಗಧಾಮ ಬಡಿಸುವ ಸಿಪಾಯಿಗೆ ಬಲು ವಿನಯದಿಂದ, "ಸ್ವಾಮಿ, ಬೇಳೆ ಬಿಟ್ಟುಹೋಗಿದೆ. ಎರಡನೇ ಪ್ರೂಫಿನಲ್ಲಾದರೂ ಸೇರಿಸಿ" ಎನ್ನುತ್ತಿದ್ದ. ಅದನ್ನೇ ಹೇಳಿದೆ.

ಶೇಷಮ್ಮ ನಕ್ಕಳು. "ನನ್ನ ಸಾರಿಗೂ ಹಂಗೇ ಅಂತಿದ್ರು," ಎನ್ನುತ್ತಾ ಪಾತ್ರೆಯನ್ನು ನೆಲಕ್ಕಿಟ್ಟು ನಮ್ಮೆದುರು ಕೂತಳು.

"ಇನ್ನೊಂದು ಹೇಳಿ."

ಒಬ್ಬೊಬ್ಬರಾಗಿ ಹೇಳಿದೆವು. ಊಟ ಮುಗಿದು ಕೈ ಒಣಗಿದರೂ ಯಾರೂ ಏಳಲಿಲ್ಲ.